ಐಸ್ ಹಾಕಿ ಆಡುತ್ತಿದ್ದವರು ಕೋಚ್ ಆದದ್ದು ಹೇಗೆ?

ನನ್ನ ಅಕ್ಕನ ಮಗಳು ಕಾರವಾರದಲ್ಲಿ ಏಳನೇ ಕ್ಲಾಸು ಓದುತ್ತಾಳೆ. ವಾರಕ್ಕೆ ಮೂರು ಸಂಜೆ ಗಾಲಿ ಸ್ಕೇಟ್ ಕಟ್ಟಿಕೊಂಡು ಅಭ್ಯಾಸಕ್ಕೆ ಹೋಗುತ್ತಾಳೆ. ಮೊನ್ನೆ ರಜೆಯಲ್ಲಿ ನಾನು ಅವರ ಮನೆಗೆ ಹೋಗಿದ್ದಾಗ ಅಮ್ಮನ ಮೊಬೈಲು ತಂದು ನನ್ನ ಮುಂದೆ ಹಿಡಿದಳು. ಬಿಳಿ ಐಸ್ ಮೇಲೆ ಗಂಡಸರು ಹಾಕಿ ಆಡುತ್ತಿದ್ದರು. ಅವರ ಬೆಂಚಿನ ಹಿಂದೆ ಕೋಟು ಹಾಕಿಕೊಂಡ ಒಬ್ಬ ಹೆಂಗಸು ನಿಂತಿದ್ದರು. ಆಗಾಗ ಬಗ್ಗಿ ಒಬ್ಬೊಬ್ಬ ಆಟಗಾರನ ಕಿವಿಯ ಹತ್ತಿರ ಏನೋ ಹೇಳುತ್ತಿದ್ದರು.

“ಚಿಕ್ಕಿ, ಇವರು ಆಡ್ತಾ ಇಲ್ಲ. ಆದ್ರೂ ಅಷ್ಟು ದೊಡ್ಡ ಗಂಡಸರು ಇವರ ಮಾತು ಕೇಳ್ತಿದ್ದಾರೆ. ಯಾರು ಇವರು?”

ಅಡುಗೆಮನೆಯಿಂದ ಅಕ್ಕ ಹೇಳಿದಳು: “ಸ್ಕೇಟಿಂಗ್ ಕಲ್ತು ಮುಂದೇನು ಅಂತ ನಾ ಕೇಳ್ದೆ. ಅದಕ್ಕೆ ಇದನ್ನ ತೋರಿಸ್ತಾಳೆ. ನೀನೇ ಹೇಳು, ಮುಂದೇನು?”

ಕಾರವಾರ, ಕೈಗಾ ಕಡೆ ಹೆಣ್ಣುಮಕ್ಕಳನ್ನು ಸ್ಕೇಟಿಂಗ್‌ಗೆ ಕಳಿಸುವ ಮನೆಗಳಲ್ಲಿ ಅಕ್ಕನ ಈ ಪ್ರಶ್ನೆ ಇದ್ದೇ ಇರುತ್ತದೆ. 2025ರಲ್ಲಿ ಯುಎಇಯ ಅಲ್ ಐನ್‌ನಲ್ಲಿ ನಡೆದ ಏಷ್ಯಾ ಕಪ್‌ನಲ್ಲಿ ಭಾರತದ ಮಹಿಳಾ ಐಸ್ ಹಾಕಿ ತಂಡ ಕಂಚು ಗೆದ್ದ ಮೇಲಂತೂ ಐಸ್ ಹಾಕಿಯ ವಿಡಿಯೊಗಳು ನಮ್ಮ ಮಕ್ಕಳ ಕೈಗೂ ಬಂದಿವೆ. ವಿಡಿಯೊದಲ್ಲಿದ್ದ ಆ ಹೆಂಗಸು ಜೆಸಿಕಾ ಕ್ಯಾಂಪ್‌ಬೆಲ್. ಕೆನಡಾದ ಮಾಜಿ ಆಟಗಾರ್ತಿ, 2024ರಲ್ಲಿ ಅಮೆರಿಕದ ಸಿಯಾಟಲ್ ಕ್ರಾಕನ್ ಎಂಬ ಪುರುಷರ ತಂಡದ ಸಹಾಯಕ ಕೋಚ್ ಆದವರು. ಅವರು ಅಲ್ಲಿಗೆ ಹೋಗಿ ನಿಂತದ್ದು ಹೇಗೆ ಅಂತ ತಿಳಿಯಬೇಕಾದರೆ ಮೊದಲು ಆಟವನ್ನೇ ಸ್ವಲ್ಪ ನೋಡಬೇಕು.

ಆಟ ಏನು?

ನಮಗೆ ಐಸ್ ಅಂದರೆ ಬೈತಖೋಲ್ ಬಂದರಿನಲ್ಲಿ ಮೀನಿನ ಬುಟ್ಟಿಗೆ ಸುರಿಯುವ ಐಸ್. ಐಸ್ ಹಾಕಿಗೆ ಅದರದ್ದೇ ಒಂದು ಮೈದಾನ ಬೇಕು. ಸುಮಾರು 60 ಮೀಟರ್ ಉದ್ದ, 26ರಿಂದ 30 ಮೀಟರ್ ಅಗಲ. ಇದಕ್ಕೆ ರಿಂಕ್ ಅನ್ನುತ್ತಾರೆ. ಸುತ್ತಲೂ ಹಲಗೆಯ ಗೋಡೆ ಇರುತ್ತದೆ. ಒಂದು ತಂಡದಿಂದ ಒಂದು ಸಲಕ್ಕೆ ಆರು ಜನ ಆಡುತ್ತಾರೆ, ಗೋಲ್‌ಕೀಪರ್ ಸೇರಿ. 20 ನಿಮಿಷದ ಮೂರು ಭಾಗ.

ಚೆಂಡಿನ ಬದಲು ಇಲ್ಲಿ ಪಕ್ ಇದೆ. ಅದು ಗಟ್ಟಿ ರಬ್ಬರಿನ ಬಿಲ್ಲೆ. ಮೂರು ಇಂಚು ಅಗಲ, ಒಂದು ಇಂಚು ದಪ್ಪ. ತೂಕ ಹೆಚ್ಚುಕಮ್ಮಿ ಕ್ರಿಕೆಟ್ ಚೆಂಡಿನಷ್ಟೇ. ಆಟಕ್ಕೆ ಮುಂಚೆ ಅದನ್ನು ಫ್ರೀಜರಿನಲ್ಲಿಟ್ಟು ಹೆಪ್ಪುಗಟ್ಟಿಸುತ್ತಾರೆ. ಇಲ್ಲದಿದ್ದರೆ ರಬ್ಬರ್ ಪುಟಿಯುತ್ತದೆ, ಐಸ್ ಮೇಲೆ ಸಮನಾಗಿ ಜಾರುವುದಿಲ್ಲ.

ಉಳಿದ ನಿಯಮಗಳನ್ನು ಆಟ ನೋಡುತ್ತಾ ನೋಡುತ್ತಾ ಕಲಿಯಬಹುದು. ಒಂದು ಮಾತ್ರ ಈಗಲೇ ಗೊತ್ತಿರಲಿ. ತಪ್ಪು ಮಾಡಿದ ಆಟಗಾರ ಸಾಮಾನ್ಯವಾಗಿ ಎರಡು ನಿಮಿಷ ಹೊರಗೆ ಕೂರಬೇಕು. ಆ ಎರಡು ನಿಮಿಷ ಎದುರಿನ ತಂಡದಲ್ಲಿ ಒಬ್ಬರು ಜಾಸ್ತಿ ಇರುತ್ತಾರೆ. ಇದಕ್ಕೆ ಪವರ್‌ಪ್ಲೇ ಅನ್ನುತ್ತಾರೆ. ಕ್ರಿಕೆಟ್ಟಿನ ಪವರ್‌ಪ್ಲೇ ಬೇರೆ, ಇದು ಬೇರೆ.

ಬ್ಲೇಡಿನ ಎರಡು ಅಂಚು

ಐಸ್ ಹಾಕಿಯಲ್ಲಿ ಸ್ಟಿಕ್ ಎಲ್ಲರ ಕಣ್ಣಿಗೆ ಬೀಳುತ್ತದೆ. ಆದರೆ ಆಟ ನಿಂತಿರುವುದು ಕಾಲಿನ ಮೇಲೆ.

ಸ್ಕೇಟಿನ ಬ್ಲೇಡು ಮೆಟ್ಟುಗತ್ತಿಯ ಹಾಗೆ ಒಂದೇ ಅಲಗಿನದ್ದು ಅಂತ ನಾವು ಅಂದುಕೊಳ್ಳುತ್ತೇವೆ. ಹಾಗಲ್ಲ. ಅದು ಸುಮಾರು ಮೂರು ಮಿಲಿಮೀಟರ್ ದಪ್ಪ ಇರುತ್ತದೆ. ಕೆಳಭಾಗವನ್ನು ಉದ್ದಕ್ಕೂ ಸಣ್ಣ ಕಾಲುವೆಯ ಹಾಗೆ ಮಸೆದಿರುತ್ತಾರೆ. ಕಾಲುವೆಯ ಎರಡು ದಂಡೆಗಳಿದ್ದ ಹಾಗೆ ಬ್ಲೇಡಿಗೆ ಎರಡು ಅಂಚು: ಒಂದು ಒಳಗಿನದು, ಒಂದು ಹೊರಗಿನದು. ಕಾಲನ್ನು ಯಾವ ಕಡೆ ವಾಲಿಸುತ್ತೀರೋ ಆ ಅಂಚು ಐಸನ್ನು ಕಚ್ಚುತ್ತದೆ. ತಿರುಗುವುದು, ನಿಲ್ಲುವುದು, ಓಡುವುದು ಎಲ್ಲ ಈ ಎರಡು ಅಂಚುಗಳ ಮೇಲೇ.

ಮುಂದಕ್ಕೆ ಹೋಗಲು ಏನು ಮಾಡಬೇಕು? ನೆಲದ ಮೇಲೆ ಓಡುವಾಗ ಕಾಲನ್ನು ಹಿಂದಕ್ಕೆ ಒತ್ತುತ್ತೇವೆ. ಐಸ್ ಮೇಲೆ ಹಾಗೆ ಒತ್ತಿದರೆ ಬ್ಲೇಡು ಸುಮ್ನೆ ಹಿಂದಕ್ಕೆ ಜಾರಿಬಿಡುತ್ತದೆ. ಪಾದವನ್ನು ಸ್ವಲ್ಪ ಹೊರಕ್ಕೆ ತಿರುಗಿಸಿ, ಒಳ ಅಂಚಿನಿಂದ ಪಕ್ಕಕ್ಕೆ ತಳ್ಳಬೇಕು. ಮಳೆಗಾಲದಲ್ಲಿ ಶಿರಸಿ, ಸಿದ್ದಾಪುರದ ಕಡೆ ಹಾವಸೆ ಹಿಡಿದ ಅಂಗಳದಲ್ಲಿ ನಡೆದವರಿಗೆ ಇದರ ಅರ್ಧ ಗೊತ್ತು. ಅಲ್ಲಿ ಮೊಣಕಾಲು ತಾನಾಗೇ ಬಗ್ಗುತ್ತದೆ. ಪಾದ ಅಗಲವಾಗುತ್ತದೆ. ನೇರ ಹಿಂದಕ್ಕೆ ಒತ್ತಿ ಹೆಜ್ಜೆ ಇಟ್ಟವರು ಬೀಳುತ್ತಾರೆ. ಹಾವಸೆಯ ಮೇಲೆ ನಾವು ಬೀಳದಿರಲು ನೋಡುತ್ತೇವೆ, ಅವರು ಅದೇ ಜಾರಿಕೆಯಿಂದ ಗಂಟೆಗೆ 30 ಕಿಲೋಮೀಟರಿಗೂ ಮೇಲೆ ವೇಗ ತೆಗೆಯುತ್ತಾರೆ.

ಈ ಅಂಚುಗಳ ವಿಷಯ ನೆನಪಿಡಿ. ಜೆಸಿಕಾ ಕ್ಯಾಂಪ್‌ಬೆಲ್ ಕೋಚ್ ಆದದ್ದು ಇದರಿಂದಲೇ.

ಹಿಂದೆ ನಿಂತ ಭಾಗವತರು

ಫುಟ್‌ಬಾಲಿನಲ್ಲಿ ಒಬ್ಬ ಆಟಗಾರ 90 ನಿಮಿಷ ಮೈದಾನದಲ್ಲಿ ಇರಬಹುದು. ಐಸ್ ಹಾಕಿಯಲ್ಲಿ ಒಬ್ಬರು ಒಂದು ಸಲಕ್ಕೆ ಆಡುವುದು ಸುಮಾರು 45 ಸೆಕೆಂಡು ಮಾತ್ರ. ಅಷ್ಟರಲ್ಲಿ ಮೈಯ ಶಕ್ತಿಯನ್ನೆಲ್ಲ ಸುರಿದು ಬಂದು ಕೂರುತ್ತಾರೆ. ಇನ್ನೊಬ್ಬರು ಹಲಗೆ ಹಾರಿ ಒಳಗೆ ಇಳಿಯುತ್ತಾರೆ. ಆಟ ನಿಲ್ಲುವುದೇ ಇಲ್ಲ, ನಡೆಯುತ್ತಿರುವಾಗಲೇ ಅದಲು ಬದಲು. ಹೀಗೆ ಇಳಿದು ಬರುವ ಒಂದು ಸರದಿಗೆ ಶಿಫ್ಟ್ ಅನ್ನುತ್ತಾರೆ. ಮುಂದೆ ಆಡುವ ಮೂವರ ಗುಂಪಿಗೆ ಲೈನ್ ಅಂತ ಹೆಸರು, ಹಿಂದೆ ಕಾಯುವವರು ಇಬ್ಬಿಬ್ಬರ ಜೋಡಿ.

ಈಗ ಯೋಚಿಸಿ. ಎದುರಿನ ತಂಡದ ಯಾವ ಲೈನ್ ಇಳಿದಿದೆ? ನಮ್ಮವರಲ್ಲಿ ಯಾರಿಗೆ ದಣಿವಾಗಿದೆ? ಮುಂದೆ ಯಾರು ಇಳಿಯಬೇಕು? ಇದನ್ನು ಪ್ರತಿ ನಿಮಿಷವೂ ಯಾರೋ ಹೇಳುತ್ತಿರಬೇಕು ಅಲ್ವಾ?

ನಮ್ಮ ಜಿಲ್ಲೆಯಲ್ಲಿ ‘ಆಟ’ ಅಂದರೆ ಯಕ್ಷಗಾನ. ಆಟ ನೋಡಿದವರಿಗೆ ಕೋಚ್ ಕೆಲಸ ಬೇಗ ಅರ್ಥವಾಗುತ್ತದೆ. ಭಾಗವತರು ವೇಷ ಕಟ್ಟುವುದಿಲ್ಲ, ಕುಣಿಯುವುದಿಲ್ಲ. ಹಿಂದೆ ಕೂತು ತಾಳ ಹಿಡಿದಿರುತ್ತಾರೆ. ಯಾವ ಪಾತ್ರ ಯಾವಾಗ ಬರಬೇಕು, ಕುಣಿತ ಎಷ್ಟು ಎಳೆಯಬೇಕು, ಎಲ್ಲಿ ಮೊಟಕು ಮಾಡಬೇಕು ಎಲ್ಲವೂ ಅವರ ಪದ್ಯದಲ್ಲಿದೆ. ವೇಷದವರು ಎಷ್ಟೇ ದೊಡ್ಡವರಾದರೂ ಆ ರಾತ್ರಿ ಭಾಗವತರ ತಾಳಕ್ಕೆ ಕಾಲು ಕೊಡಲೇಬೇಕು. ಐಸ್ ಹಾಕಿಯ ಬೆಂಚಿನ ಹಿಂದೆ ನಿಂತವರ ಕೆಲಸವೂ ಇಂಥದ್ದೇ.

ಆದರೆ ಇಲ್ಲಿ ಭಾಗವತರು ಒಬ್ಬರೇ ಅಲ್ಲ. ಮುಖ್ಯ ಕೋಚ್ ಒಬ್ಬರು, ಸಹಾಯಕ ಕೋಚ್‌ಗಳು ಮೂರ್ನಾಲ್ಕು ಜನ. ಒಬ್ಬರು ಮುಂದಿನ ಆಟಗಾರರನ್ನು ನೋಡಿಕೊಳ್ಳುತ್ತಾರೆ, ಒಬ್ಬರು ಹಿಂದಿನವರನ್ನು. ಪವರ್‌ಪ್ಲೇಗೆ ಒಬ್ಬರು. ಗೋಲ್‌ಕೀಪರಿಗೆ ಬೇರೆಯೇ ಕೋಚ್. ಪಂದ್ಯದ ದಿನ ಕಾಣುವುದು ಕೆಲಸದ ಸಣ್ಣ ಪಾಲು. ಉಳಿದ ದಿನಗಳಲ್ಲಿ ವಿಡಿಯೊ ನೋಡಿ ತುಣುಕು ಮಾಡುವುದು, ಅಭ್ಯಾಸಕ್ಕೆ ಮುಂಚೆ ಒಬ್ಬೊಬ್ಬರನ್ನೇ ಐಸ್ ಮೇಲೆ ಕರೆದುಕೊಂಡು ಹೋಗಿ ತಿದ್ದುವುದು ಇರುತ್ತದೆ.

ಹೆಂಗಸರಿಗೆ ಈ ಆಟ ಹೊಟ್ಟೆ ತುಂಬಿಸಿತೇ?

ಇದು ಅಕ್ಕನ ಪ್ರಶ್ನೆಯ ಒಳಗಿನ ಪ್ರಶ್ನೆ. ನೇರವಾಗಿ ಹೇಳುತ್ತೇನೆ, ಬಹಳ ಕಾಲ ಇಲ್ಲ.

ಮಹಿಳೆಯರ ಮೊದಲ ಅಧಿಕೃತ ವಿಶ್ವ ಚಾಂಪಿಯನ್‌ಷಿಪ್ ನಡೆದದ್ದು 1990ರಲ್ಲಿ, ಕೆನಡಾದ ಒಟ್ಟಾವದಲ್ಲಿ. ಒಲಿಂಪಿಕ್ಸ್‌ಗೆ ಬಂದದ್ದು 1998ರಲ್ಲಿ, ಜಪಾನಿನ ನಾಗಾನೊದಲ್ಲಿ. ಪುರುಷರು 1920ರ ದಶಕದಿಂದಲೇ ಒಲಿಂಪಿಕ್ಸ್‌ನಲ್ಲಿ ಆಡುತ್ತಿದ್ದರು. ಕೆನಡಾದಲ್ಲಿ ಮಹಿಳೆಯರ ದೊಡ್ಡ ಲೀಗ್ 2007ರಲ್ಲಿ ಶುರುವಾಯಿತು. ಹತ್ತು ವರ್ಷ ಅಲ್ಲಿ ಆಟಗಾರ್ತಿಯರಿಗೆ ಸಂಬಳವೇ ಇರಲಿಲ್ಲ. 2017ರಲ್ಲಿ ಸ್ವಲ್ಪ ಭತ್ಯೆ ಶುರುವಾಯಿತು. 2019ರಲ್ಲಿ ಲೀಗೇ ಮುಚ್ಚಿತು.

ದೇಶಕ್ಕೆ ಆಡಿದವರು ಬೆಳಗ್ಗೆ ಬೇರೆ ಕೆಲಸ ಮಾಡಿ ರಾತ್ರಿ ಅಭ್ಯಾಸಕ್ಕೆ ಹೋಗುತ್ತಿದ್ದರು. ಇದನ್ನು ಓದಿದಾಗ ನನಗೆ ಸಂಕಟವಾಯಿತು. ಇಪ್ಪತ್ತೈದರ ಆಸುಪಾಸಿನಲ್ಲೇ ಎಷ್ಟೋ ಜನ ಆಟ ಬಿಟ್ಟರು. ಅವರ ಕಾಲಲ್ಲಿ ಶಕ್ತಿ ಇತ್ತು, ಮನೆ ಬಾಡಿಗೆಗೆ ದುಡ್ಡು ಇರಲಿಲ್ಲ. ಆಟಗಾರ್ತಿಯರ ಜೊತೆ ಸಂಬಳದ ಒಪ್ಪಂದ ಮಾಡಿಕೊಂಡ ಈಗಿನ ಲೀಗ್, ಪಿಡಬ್ಲ್ಯುಎಚ್‌ಎಲ್, ಶುರುವಾದದ್ದು 2024ರ ಜನವರಿಯಲ್ಲಿ. ಮೊದಲು ಆರು ತಂಡ, ಆಮೇಲೆ ಎಂಟು.

ಜೆಸಿಕಾ ಹೋದ ದಾರಿ

ಜೆಸಿಕಾ ಹುಟ್ಟಿದ್ದು 1992ರಲ್ಲಿ, ಬೆಳೆದದ್ದು ಕೆನಡಾದ ಸಸ್ಕಾಚವಾನ್ ಪ್ರಾಂತ್ಯದ ರೋಕನ್‌ವಿಲ್ ಎಂಬ ಸಣ್ಣ ಊರಿನಲ್ಲಿ. ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದ ತಂಡದಲ್ಲಿ ಆಡಿದರು. 2015ರ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ ಬೆಳ್ಳಿ ಗೆದ್ದ ಕೆನಡಾ ತಂಡದಲ್ಲಿದ್ದರು. ಮುಂದಿನ ವರ್ಷ ಕ್ಯಾಲ್ಗರಿ ಇನ್ಫರ್ನೊ ತಂಡದ ಜೊತೆ ಲೀಗಿನ ಕಪ್ ಎತ್ತಿದರು. ಅದೇ ಸಂಬಳವಿಲ್ಲದ ಲೀಗ್.

ಆಟ ಬಿಟ್ಟ ಮೇಲೆ ದೊಡ್ಡ ತಂಡವೇನೂ ಅವರನ್ನು ಕರೆಯಲಿಲ್ಲ. ಅವರು ಸ್ಕೇಟಿಂಗ್ ಕಲಿಸಲು ಕೂತರು. ಆಟದ ತಂತ್ರ ಕಲಿಸುವ ಕೋಚ್‌ಗಳು ಬೇಕಾದಷ್ಟು ಇದ್ದರು. ಜೆಸಿಕಾ ಹಿಡಿದದ್ದು ಒಂದೇ ಎಳೆ: ಕಾಲು, ಮೊಣಕಾಲು, ಅಂಚು. ಬ್ರಿಟಿಷ್ ಕೊಲಂಬಿಯಾದ ಕೆಲೌನಾದಲ್ಲಿ ತಮ್ಮದೇ ಪವರ್ ಸ್ಕೇಟಿಂಗ್ ತರಗತಿ ನಡೆಸಿದರು. ಪವರ್ ಸ್ಕೇಟಿಂಗ್ ಅಂದರೆ ಪಕ್ಕನ್ನು ಬದಿಗಿಟ್ಟು ಬರೀ ವೇಗ, ತಿರುವು, ನಿಲುಗಡೆಗಳ ಅಭ್ಯಾಸ.

ಆಮೇಲೆ ಕೋವಿಡ್ ಬಂತು. ಲೀಗುಗಳು ನಿಂತವು. ಎನ್‌ಎಚ್‌ಎಲ್, ಅಂದರೆ ಜಗತ್ತಿನ ಅತಿ ದೊಡ್ಡ ಐಸ್ ಹಾಕಿ ಲೀಗಿನ ಆಟಗಾರರು ತಮ್ಮ ತಮ್ಮ ಊರುಗಳಿಗೆ ಹೋದರು. ಅಭ್ಯಾಸ ಬಿಡುವಂತಿಲ್ಲ, ಹತ್ತಿರದಲ್ಲಿ ಯಾರು ಕಲಿಸುತ್ತಾರೆ ಅಂತ ಹುಡುಕಿದರು. ಕೆಲವರು ಜೆಸಿಕಾ ಹತ್ತಿರ ಬಂದರು. ಅವರಿಗೆ ಬೇಕಾಗಿದ್ದದ್ದು ವೇಗ. ಜೆಸಿಕಾ ಅದನ್ನು ಕೊಟ್ಟರು. ಒಬ್ಬರು ಇನ್ನೊಬ್ಬರಿಗೆ ಹೇಳಿದರು.

2021ರಲ್ಲಿ ಜರ್ಮನಿಯ ನ್ಯೂರೆಂಬರ್ಗ್ ತಂಡ ಕರೆಯಿತು. 2022ರ ಪುರುಷರ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ ಜರ್ಮನಿ ತಂಡದ ಸಹಾಯಕ ಕೋಚ್ ಆಗಿ ಬೆಂಚಿನ ಹಿಂದೆ ನಿಂತರು. ಆ ಟೂರ್ನಿಯಲ್ಲಿ ಹಾಗೆ ನಿಂತ ಮೊದಲ ಮಹಿಳೆ ಅವರು. ಅದೇ ವರ್ಷ ಅಮೆರಿಕದ ಕೋಚೆಲ್ಲ ವ್ಯಾಲಿ ಫೈರ್‌ಬರ್ಡ್ಸ್ ಸೇರಿದರು. ಇದು ಎಎಚ್‌ಎಲ್ ಎಂಬ ಎರಡನೇ ಹಂತದ ಲೀಗಿನ ತಂಡ. ಭಾರತ ತಂಡಕ್ಕೆ ರಣಜಿ ಹೇಗೋ ಎನ್‌ಎಚ್‌ಎಲ್‌ಗೆ ಇದು ಹಾಗೆ, ಇಲ್ಲಿ ಪಳಗಿದವರು ಮೇಲೆ ಹೋಗುತ್ತಾರೆ.

ಹೊಸದಾಗಿ ಕಟ್ಟಿದ ಆ ತಂಡ 2023 ಮತ್ತು 2024, ಎರಡೂ ವರ್ಷ ಫೈನಲ್ ತಲುಪಿತು. ಎರಡೂ ಸಲ ಹರ್ಷಿ ತಂಡದ ಎದುರು ಸೋತಿತು. ಡ್ರಾಫ್ಟ್‌ನಲ್ಲಿ, ಅಂದರೆ ಎನ್‌ಎಚ್‌ಎಲ್ ತಂಡಗಳು ಹೊಸ ಹುಡುಗರನ್ನು ಆರಿಸಿಕೊಳ್ಳುವಾಗ, ಯಾವ ತಂಡವೂ ಆರಿಸದ ಒಬ್ಬ ಹುಡುಗ ಅಲ್ಲಿ ಆಡಿ, ಮೊದಲ ವರ್ಷವೇ ಲೀಗಿನ ಶ್ರೇಷ್ಠ ಹೊಸ ಆಟಗಾರ ಎನಿಸಿಕೊಂಡ. ಸಹಾಯಕ ಕೋಚ್‌ನ ಕೆಲಸ ಅಳೆಯಲು ನನಗೆ ಕಪ್‌ಗಿಂತ ಇಂಥ ಹುಡುಗರೇ ಒಳ್ಳೆಯ ಅಳತೆಗೋಲು ಅನ್ನಿಸುತ್ತದೆ.

2024ರ ಜುಲೈನಲ್ಲಿ ಸಿಯಾಟಲ್ ಕ್ರಾಕನ್ ಜೆಸಿಕಾರನ್ನು ನೇಮಿಸಿತು. ಎನ್‌ಎಚ್‌ಎಲ್‌ನಲ್ಲಿ ಪೂರ್ಣಾವಧಿ ಸಹಾಯಕ ಕೋಚ್ ಆದ ಮೊದಲ ಮಹಿಳೆ ಅವರು. ಅಕ್ಟೋಬರ್ 8ರಂದು ಸೇಂಟ್ ಲೂಯಿಸ್ ಬ್ಲೂಸ್ ಎದುರು ಅವರ ಮೊದಲ ಪಂದ್ಯ. ಒಂದೇ ವರ್ಷದಲ್ಲಿ ಮುಖ್ಯ ಕೋಚ್ ಬದಲಾದರು. ಹಾಗಾದಾಗ ಸಹಾಯಕರೂ ಹೋಗುವುದು ಈ ಕೆಲಸದಲ್ಲಿ ಮಾಮೂಲು. ಜೆಸಿಕಾ ಉಳಿದರು.

ಮಾಡುವುದು ಬೇರೆ, ಹೇಳಿಕೊಡುವುದು ಬೇರೆ

ಚೆನ್ನಾಗಿ ಆಡಿದವರೆಲ್ಲ ಚೆನ್ನಾಗಿ ಕಲಿಸುತ್ತಾರೆ ಅಂತ ನಾವು ನಂಬಿದ್ದೇವೆ. ಆಟ ಮುಗಿದ ಮೇಲೆ ಸಿಗುವ ಬಡ್ತಿ ಅಂತಲೂ ಅಂದುಕೊಳ್ಳುತ್ತೇವೆ. ಅದು ಹಾಗಲ್ಲ ಅಂತ ನನಗೆ ತೊಡೆದೇವು ಮಾಡಲು ಕೂತಾಗ ಗೊತ್ತಾಯಿತು.

ಶಿರಸಿಯ ನಮ್ಮ ಅಜ್ಜಿ ತೊಡೆದೇವು ಮಾಡುವುದರಲ್ಲಿ ಎತ್ತಿದ ಕೈ. ಮಗುಚಿದ ಮಡಕೆಯ ಕೆಳಗೆ ಬೆಂಕಿ. ಕಬ್ಬಿನ ಹಾಲಿನಲ್ಲಿ ಅಕ್ಕಿ ರುಬ್ಬಿದ ಹಿಟ್ಟು. ಬಟ್ಟೆ ಸುತ್ತಿದ ಕೋಲನ್ನು ಅದ್ದಿ ಮಡಕೆಯ ಬೆನ್ನಿಗೆ ಒಂದು ಸಲ ಎಳೆದರೆ ಕಾಗದಕ್ಕಿಂತ ತೆಳು ಹಾಳೆ ಏಳುತ್ತಿತ್ತು. ನಾನು ಎಳೆದರೆ ಒಂದು ಕಡೆ ತೂತು, ಒಂದು ಕಡೆ ಗಂಟು. “ಹೆಂಗೆ ಅಜ್ಜಿ?” ಅಂದರೆ “ಹದ ನೋಡ್ಕಂಡು ಎಳಿ” ಅನ್ನುತ್ತಿದ್ದರು. ಹದ ಅವರ ಕೈಯಲ್ಲಿತ್ತು, ಬಾಯಲ್ಲಿ ಇರಲಿಲ್ಲ.

ಪಕ್ಕದ ಮನೆಯ ಅತ್ತೆ ಬಂದು ಒಂದು ನಿಮಿಷ ನನ್ನ ಕೈ ನೋಡಿದರು. “ನೀನು ಮಡಕೆ ಮೇಲೆ ಕೈ ನಿಲ್ಲಿಸ್ತೆ. ನಿಲ್ಲಿಸಿದ್ದಲ್ಲಿ ಗಂಟು. ಉಸಿರು ಬಿಡೋದರ ಒಳಗೆ ಎಳೆದು ಮುಗಿಸು” ಅಂದರು. ಮುಂದಿನದು ತೂತಿಲ್ಲದೆ ಎದ್ದಿತು. ಅಜ್ಜಿಗಿಂತ ಅತ್ತೆ ಚೆನ್ನಾಗಿ ಮಾಡುತ್ತಿದ್ದರು ಅಂತಲ್ಲ. ನನ್ನ ತಪ್ಪು ಎಲ್ಲಿ ಹುಟ್ಟುತ್ತದೆ ಅಂತ ಅವರಿಗೆ ಕಂಡಿತು, ಅದನ್ನು ನನ್ನ ಕೈಗೆ ಅರ್ಥವಾಗುವ ಮಾತಿನಲ್ಲಿ ಹೇಳಿದರು.

ಕೋಚಿಂಗ್ ಅಂದರೆ ಅತ್ತೆ ಮಾಡಿದ ಕೆಲಸ. ನೋಡುವುದು, ತಪ್ಪಿನ ಬೇರು ಹಿಡಿಯುವುದು, ಒಂದೇ ಒಂದು ಬದಲಾವಣೆ ಹೇಳುವುದು. ಆಟಗಾರನಿಗೆ ಐದು ತಪ್ಪು ಒಟ್ಟಿಗೆ ಹೇಳಿದರೆ ಅವನ ಕಾಲು ಗೊಂದಲದಲ್ಲಿ ಬೀಳುತ್ತದೆ. ಆಡಿದ ಅನುಭವ ಇಲ್ಲಿ ಕೆಲಸಕ್ಕೆ ಬರುತ್ತದೆ, ನಿಜ. ಐಸ್ ಮೇಲೆ ಇಳಿದು ‘ಹೀಗೆ’ ಅಂತ ಮಾಡಿ ತೋರಿಸಬಹುದು. ಜೆಸಿಕಾಗೆ ಆ ಅನುಕೂಲ ಇತ್ತು. ಗಂಡಸರು ಮೈಬಲದಲ್ಲಿ ಮುಂದಿರಬಹುದು. ಅಂಚು ಐಸನ್ನು ಕಚ್ಚುವ ರೀತಿ ಮಾತ್ರ ಗಂಡಿಗೂ ಹೆಣ್ಣಿಗೂ ಒಂದೇ.

ಬೇರೆ ದಾರಿಗಳು

ಕಾರ್ಲಾ ಮೆಕ್ಲೌಡ್ ಕೆನಡಾ ಪರ ಆಡಿ 2006 ಮತ್ತು 2010ರಲ್ಲಿ ಒಲಿಂಪಿಕ್ ಚಿನ್ನ ಗೆದ್ದವರು. ಕೋಚ್ ಆಗಿ ಜಪಾನ್ ಮಹಿಳಾ ತಂಡದ ಜೊತೆ ಕೆಲಸ ಮಾಡಿದರು. ಆಮೇಲೆ ಚೆಕ್ ದೇಶದ ಮಹಿಳಾ ತಂಡಕ್ಕೆ ಮುಖ್ಯ ಕೋಚ್ ಆದರು. ಆ ದೇಶ 2022ರಲ್ಲಿ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ ಮೊದಲ ಸಲ ಪದಕ ಕಂಡಿತು, 2023ರಲ್ಲಿ ಮತ್ತೆ ಕಂಚು. ಅವರು ಕಲಿತ ಆಟ ಒಂದು ದೇಶದ್ದು, ಕಲಿಸಿದ್ದು ಇನ್ನೊಂದು ದೇಶಕ್ಕೆ.

ಹೇಲಿ ವಿಕನ್‌ಹೈಸರ್ ಇನ್ನೊಂದು ಬಗೆ. ಕೆನಡಾ ಪರ ಆಡಿ ನಾಲ್ಕು ಒಲಿಂಪಿಕ್ ಚಿನ್ನ. 2017ರಲ್ಲಿ ನಿವೃತ್ತಿ. ಮರುವರ್ಷ ಎನ್‌ಎಚ್‌ಎಲ್‌ನ ಟೊರಾಂಟೊ ಮೇಪಲ್ ಲೀಫ್ಸ್ ತಂಡ ಸೇರಿದರು, ಹೊಸ ಆಟಗಾರರನ್ನು ಬೆಳೆಸುವ ವಿಭಾಗಕ್ಕೆ. ಅದೇ ಹೊತ್ತಿಗೆ ವೈದ್ಯಕೀಯ ಓದಿ 2021ರಲ್ಲಿ ಡಾಕ್ಟರ್ ಆದರು. ಬೆಂಚಿನ ಹಿಂದೆ ನಿಲ್ಲದೆಯೂ ಆಟದ ಒಳಗೆ ಇರಬಹುದು ಅನ್ನುವುದಕ್ಕೆ ಅವರನ್ನು ನೋಡಬೇಕು.

ಈ ಹೇಲಿ 2018ರ ಜನವರಿಯಲ್ಲಿ ಲಡಾಖ್‌ಗೆ ಬಂದಿದ್ದರು. ಅಲ್ಲಿನ ಹೆಣ್ಣುಮಕ್ಕಳ ಜೊತೆ ಐಸ್ ಮೇಲೆ ಇಳಿದರು, ಕಲಿಸಿದರು. ಭಾರತದ ಮಹಿಳಾ ತಂಡದ ಬಹುಪಾಲು ಆಟಗಾರ್ತಿಯರು ಲಡಾಖಿನವರು. ಚಳಿಗಾಲದಲ್ಲಿ ಕೆರೆ ಹೆಪ್ಪುಗಟ್ಟಿದ ಮೇಲೆ ಸುಮಾರು ಎರಡು ತಿಂಗಳು ಸಿಗುವ ಐಸ್‌ನಲ್ಲಿ ಬೆಳೆದವರು. 2016ರಲ್ಲಿ ತೈಪೆಯಲ್ಲಿ ಮೊದಲ ಅಂತರರಾಷ್ಟ್ರೀಯ ಟೂರ್ನಿ ಆಡಿದರು. 2017ರಲ್ಲಿ ಬ್ಯಾಂಕಾಕ್‌ನಲ್ಲಿ ಫಿಲಿಪೈನ್ಸ್ ಎದುರು 4-3ರಿಂದ ಮೊದಲ ಗೆಲುವು. ಅಲ್ಲಿಂದ ಎಂಟು ವರ್ಷಕ್ಕೆ ಏಷ್ಯಾ ಕಪ್‌ನ ಆ ಕಂಚು.

ನಮ್ಮ ಕಡೆಯ ಮಕ್ಕಳಿಗೆ ಇದರಲ್ಲಿ ಏನಿದೆ?

ಕರಾವಳಿಯಲ್ಲಿ ಕೆರೆ ಹೆಪ್ಪುಗಟ್ಟುವುದಿಲ್ಲ. ನಮ್ಮ ಮಕ್ಕಳಿಗೆ ಇರುವುದು ಗಾಲಿ. ಗಾಲಿಯಲ್ಲಿ ಕಲಿತದ್ದು ಐಸ್‌ಗೆ ಎಷ್ಟು ಬರುತ್ತದೆ? ಒಂದೇ ಸಾಲಿನಲ್ಲಿ ಗಾಲಿಗಳಿರುವ ಇನ್‌ಲೈನ್ ಸ್ಕೇಟ್ ಐಸ್ ಸ್ಕೇಟಿಗೆ ಹತ್ತಿರ. ಮೊಣಕಾಲು ಬಗ್ಗಿಸುವುದು, ಪಕ್ಕಕ್ಕೆ ತಳ್ಳುವುದು, ಒಂದೇ ಕಾಲಿನ ಮೇಲೆ ಭಾರ ಹೊರುವುದು ಹಾಗೇ ಬರುತ್ತದೆ. ನಿಲ್ಲುವುದನ್ನು ಮಾತ್ರ ಹೊಸದಾಗಿ ಕಲಿಯಬೇಕು. ಐಸ್ ಮೇಲೆ ಎರಡೂ ಬ್ಲೇಡನ್ನು ಅಡ್ಡ ತಿರುಗಿಸಿ ಐಸ್ ಕೆರೆದು ನಿಲ್ಲುತ್ತಾರೆ. ಗಾಲಿಯಲ್ಲಿ ಹಾಗೆ ಅಡ್ಡ ತಿರುಗಿಸಿದರೆ ಗಾಲಿ ನೆಲ ಹಿಡಿದು ಬೀಳಿಸುತ್ತದೆ.

ಕೋಚ್ ಆಗಲು ನಮ್ಮಲ್ಲಿ ಓದೂ ಇದೆ. ಪಟಿಯಾಲದ ನೇತಾಜಿ ಸುಭಾಷ್ ರಾಷ್ಟ್ರೀಯ ಕ್ರೀಡಾ ಸಂಸ್ಥೆ, ಜನ ಎನ್‌ಐಎಸ್ ಅನ್ನುವುದು ಇದಕ್ಕೇ, 1961ರಲ್ಲಿ ಶುರುವಾಯಿತು. ಕಬಡ್ಡಿ, ವಾಲಿಬಾಲ್, ಅಥ್ಲೆಟಿಕ್ಸ್‌ನಂಥ ಆಟಗಳಿಗೆ ಒಂದು ವರ್ಷದ ತರಬೇತಿ ಡಿಪ್ಲೊಮಾ ಕೊಡುತ್ತದೆ. ಆಡಿದವರಿಗೇ ಪ್ರವೇಶ. ‘ಮುಂದೇನು’ ಅನ್ನುವ ಅಮ್ಮಂದಿರು ಈ ಹೆಸರನ್ನು ಬರೆದಿಟ್ಟುಕೊಳ್ಳಬಹುದು.

ನಮ್ಮ ಜಿಲ್ಲೆಗೆ ಕೋಚ್ ಯಾಕೆ ಮುಖ್ಯ ಅನ್ನುವುದಕ್ಕೆ ಹಳೆಯದೊಂದು ಸಂಗತಿ ಇದೆ. 1980ರ ದಶಕದ ಕೊನೆಯಲ್ಲಿ ಭಾರತೀಯ ಕ್ರೀಡಾ ಪ್ರಾಧಿಕಾರ ಹಳಿಯಾಳ, ಯಲ್ಲಾಪುರ ಕಡೆಯ ಸಿದ್ದಿ ಮಕ್ಕಳನ್ನು ಆರಿಸಿ ತರಬೇತಿ ಕೊಟ್ಟಿತ್ತು. ಕೆಲವೇ ವರ್ಷಗಳಲ್ಲಿ ಆ ಯೋಜನೆ ನಿಂತಿತು. ಮಕ್ಕಳ ಓಟ ಎಲ್ಲೂ ಹೋಗಿರಲಿಲ್ಲ. ದಿನಾ ಬಂದು ನೋಡಿ ತಿದ್ದುವವರು ಇಲ್ಲವಾದರು, ಅಷ್ಟೇ.

ಮರುದಿನ ಸಂಜೆ ನಾನೂ ಅಭ್ಯಾಸ ನೋಡಲು ಹೋದೆ. ಸ್ಕೇಟಿಂಗ್ ಮೇಡಂ ಸೀಮೆಸುಣ್ಣದಲ್ಲಿ ಎರಡು ಗೆರೆ ಎಳೆದಿದ್ದರು, ನಡುವೆ ಮೂವತ್ತು ಹೆಜ್ಜೆ ದೂರ. ನನ್ನ ಅಕ್ಕನ ಮಗಳು ಹೋಗುವಾಗ ಅವರು ಬೆರಳಲ್ಲಿ ಎಣಿಸುತ್ತಿದ್ದರು. 14 ಸಲ ಕಾಲು ತಳ್ಳಿದ್ದಳು. “ಹಿಂದಕ್ಕೆ ಒದೀತಿದ್ದೀಯಾ ಪುಟ್ಟಿ. ಪಕ್ಕಕ್ಕೆ ತಳ್ಳು, ತಳ್ಳಿ ಸ್ವಲ್ಪ ಕಾಯಿ” ಅಂದರು ಮೇಡಂ. ಅವಳು ಎರಡು ಸಲ ಎಡವಿದಳು, ಒಂದು ಸಲ ಮೊಣಕೈ ಊರಿದಳು. ಕತ್ತಲಾಗುವ ಹೊತ್ತಿಗೆ ಅದೇ ಎರಡು ಗೆರೆಗಳ ನಡುವೆ 11.